ಹೊಸ ಬ್ಯಾಂಡ್‌ಗೆ ಶೋ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಹಾಡುವ, ಒಂದಷ್ಟು ಸ್ವಂತ ಹಾಡು ಕಟ್ಟಿಕೊಂಡಿರುವ, ಆದರೆ ಇನ್ನೂ ಯಾರಿಗೂ ಹೆಸರು ಗೊತ್ತಿಲ್ಲದ ಬ್ಯಾಂಡ್‌ಗಳಿಗಾಗಿ ಇದನ್ನು ಬರೆದಿದ್ದೇನೆ. ಸಿನಿಮಾಗೆ ಹಾಡಬೇಕು ಅನ್ನುವವರ ದಾರಿ ಬೇರೆ, ಅದು ಇಲ್ಲಿಲ್ಲ. ಉದಾಹರಣೆಗಳು ಬೆಂಗಳೂರಿನವು ಜಾಸ್ತಿ. ನಾನು ಬೇಸ್ ಗಿಟಾರ್ ಹೊತ್ತುಕೊಂಡು ಓಡಾಡಿದ್ದು ಇಲ್ಲೇ.

ನಾವು ಐದು ಜನ. ಆರು ಹಾಡು ರೆಡಿ ಇದೆ. ಶೋ ಕೇಳೋಕೆ ಶುರು ಮಾಡಬಹುದಾ?

ಇನ್ನೂ ಸ್ವಲ್ಪ ತಡೀರಿ. ಆರು ಹಾಡು ಅಂದರೆ ಹೆಚ್ಚೆಂದರೆ ಅರ್ಧ ಗಂಟೆ. ಕರೆಯುವವರು ಸಾಮಾನ್ಯವಾಗಿ ಕೇಳುವುದು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಮುಕ್ಕಾಲು ಗಂಟೆಗೆ ಒಂಬತ್ತು ಹಾಡು ಬೇಕು, ಜೊತೆಗೆ "ಒನ್ಸ್ ಮೋರ್" ಅಂದರೆ ಹಾಡೋಕೆ ಒಂದು ಕೈಯಲ್ಲಿರಬೇಕು. ಎಲ್ಲವೂ ಸ್ವಂತದ್ದೇ ಆಗಬೇಕಿಲ್ಲ. ನಾಲ್ಕು ನಿಮ್ಮದು, ಎರಡು ಜನಪದ, ಒಂದು ವಚನ ಅಥವಾ ತತ್ವಪದ, ಎರಡು ಎಲ್ಲರಿಗೂ ಗೊತ್ತಿರುವ ಹಾಡು. ಮೊದಲ ವರ್ಷಕ್ಕೆ ಇದು ಸಾಕು.

ರೆಡಿ ಇದೆಯಾ ಇಲ್ವಾ ಅಂತ ತಿಳಿಯೋಕೆ ಒಂದು ಸುಲಭ ದಾರಿ ಇದೆ. ಜ್ಯಾಮ್ ರೂಮ್‌ನಲ್ಲಿ, ಅಂದರೆ ಬಾಡಿಗೆ ಪ್ರಾಕ್ಟೀಸ್ ಕೋಣೆಯಲ್ಲಿ, ಮೊಬೈಲ್ ಆನ್ ಮಾಡಿಟ್ಟು ಇಡೀ ಸೆಟ್ಟನ್ನು (ಶೋಗೆ ಅಂತ ಜೋಡಿಸಿದ ಎಲ್ಲ ಹಾಡು) ನಿಲ್ಲಿಸದೆ ನುಡಿಸಿ. ತಪ್ಪಾದರೂ ನಿಲ್ಲಿಸಬೇಡಿ. ಆಮೇಲೆ ಹಾಡುಗಳನ್ನು ಬಿಡಿ, ಹಾಡುಗಳ ನಡುವಿನ ಜಾಗವನ್ನು ಕೇಳಿ. ಟ್ಯೂನಿಂಗ್ ಸದ್ದು, "ಮಗಾ, ಮುಂದೆ ಯಾವ್ದು?", ಕೀಬೋರ್ಡ್ ಸೌಂಡ್ ಹುಡುಕುತ್ತಾ ಕಳೆದ ಒಂದೂವರೆ ನಿಮಿಷ. ಜನ ಎದ್ದು ಕಾಫಿಗೆ ಹೋಗುವುದು ಅಲ್ಲೇ. ಆ ಜಾಗ ಸರಿಯಾದರೆ ನೀವು ರೆಡಿ.

ಮೊದಲ ಶೋ ಎಲ್ಲಿ ಸಿಗುತ್ತೆ? ಪಬ್‌ನವರು ಯಾರೂ ರಿಪ್ಲೈ ಮಾಡ್ತಿಲ್ಲ.

ಮೊದಲು ಪಬ್‌ಗೆ ಹೋಗಬೇಕು ಅಂತ ಯಾರು ಹೇಳಿದ್ದು? ಪಬ್‌ಗೆ ಬರುವವರು ಊಟಕ್ಕೆ, ಬಿಯರ್‌ಗೆ ಬರುತ್ತಾರೆ. ಅವರ ಗಮನವನ್ನು ಟೇಬಲ್‌ನಿಂದ ಎಳೆಯುವುದು ಹಳೇ ಬ್ಯಾಂಡ್‌ಗಳಿಗೇ ಕಷ್ಟ. ಅದರ ಮೇಲೆ ಬೆಂಗಳೂರಿನ ಲೈವ್ ಮ್ಯೂಸಿಕ್ ಜಾಗಗಳು ಒಂದೇ ಥರ ಉಳಿಯುವುದಿಲ್ಲ. ಇಂದಿರಾನಗರದ ದಿ ಹಮ್ಮಿಂಗ್ ಟ್ರೀ ಒಂದು ಕಾಲಕ್ಕೆ ಹೊಸಬರ ಕನಸಿನ ಸ್ಟೇಜ್. ಅದು ಈಗಿಲ್ಲ. ಸಾರ್ವಜನಿಕ ಮನರಂಜನೆ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಮೇಲೆ ಎಷ್ಟೋ ಕಡೆ ಲೈವ್ ಮ್ಯೂಸಿಕ್ ನಿಂತೇಹೋಯಿತು. ಈಗಲೂ ಹೊಸ ಜಾಗದವರು ಕರೆದರೆ "ಲೈವ್‌ಗೆ ಲೈಸೆನ್ಸ್ ಇದೆಯಾ ಸರ್?" ಅಂತ ಕೇಳಿಬಿಡಿ. ಅರ್ಧ ಹಾಡಿನಲ್ಲಿ ಪ್ಲಗ್ ಕಿತ್ತರೆ ಮಾನ ಹೋಗುವುದು ನಿಮ್ಮದು.

ಕನ್ನಡ ಬ್ಯಾಂಡ್‌ಗೆ ಇನ್ನೊಂದು ದಾರಿ ಇದೆ, ಇಂಗ್ಲಿಷ್ ಹಾಡುವವರಿಗೆ ಅದು ಇಲ್ಲ. ಕನ್ನಡ ಕೇಳೋಕೆ ಅಂತಲೇ ಸೇರುವ ಜನ ನಿಮಗಿದ್ದಾರೆ. ನವೆಂಬರ್ ತಿಂಗಳು ಪೂರ್ತಿ ರಾಜ್ಯೋತ್ಸವ. ಒಂದನೇ ತಾರೀಖು ಮುಗಿದರೂ ಅಪಾರ್ಟ್‌ಮೆಂಟ್, ಬಡಾವಣೆ ಸಂಘ, ಆಟೋ ನಿಲ್ದಾಣ, ಐಟಿ ಕಂಪನಿಯ ಕನ್ನಡ ಬಳಗ, ಬ್ಯಾಂಕ್ ನೌಕರರ ಸಂಘ, ಕಾಲೇಜು, ಎಲ್ಲರೂ ತಿಂಗಳ ಕೊನೇ ಶನಿವಾರದವರೆಗೂ ಒಂದೊಂದು ದಿನ ಹಂಚಿಕೊಂಡು ಮಾಡುತ್ತಾರೆ. ಅದಕ್ಕೆ ಮುಂಚೆ ಗಣೇಶೋತ್ಸವ. ಆಮೇಲೆ ಕಾಲೇಜು ಫೆಸ್ಟ್‌ಗಳು, ಯುಗಾದಿ. ಇವರಿಗೆಲ್ಲ ಪ್ರತಿ ವರ್ಷ ಒಂದೇ ತಲೆನೋವು: ಕಳೆದ ವರ್ಷ ಬಂದವರನ್ನೇ ಮತ್ತೆ ಕರೆಯೋದಾ?

ಹಾಗಾಗಿ ಮೊದಲು ನಿಮ್ಮದೇ ಪಟ್ಟಿ ಬರೆಯಿರಿ. ಐದು ಜನರ ಮನೆ, ಆಫೀಸು, ಓದಿದ ಕಾಲೇಜು, ಅಕ್ಕನ ಅಪಾರ್ಟ್‌ಮೆಂಟ್, ಮಾವನ ಬಡಾವಣೆ. ಕಡಿಮೆ ಅಂದ್ರೂ ಹದಿನೈದು ಇಪ್ಪತ್ತು ಹೆಸರು ಬರುತ್ತದೆ. ಪ್ರತಿಯೊಂದರಲ್ಲೂ ಸಾಂಸ್ಕೃತಿಕ ಸಮಿತಿ ಅಂತ ಇರುತ್ತದೆ, ಅದರಲ್ಲಿ ನಿಜವಾಗಿ ಓಡಾಡುವವರು ಒಬ್ಬರೋ ಇಬ್ಬರೋ. ಅವರ ನಂಬರ್ ಹುಡುಕಿ. ಸೆಪ್ಟೆಂಬರ್ ಹೊತ್ತಿಗೆ ಫೋನ್ ಮಾಡಿ. ಅಕ್ಟೋಬರ್ ಕೊನೆಗೆ ಕೇಳಿದರೆ "ಅಯ್ಯೋ, ಮೊನ್ನೆ ತಾನೇ ಫಿಕ್ಸ್ ಮಾಡಿದ್ವಿ" ಅನ್ನುತ್ತಾರೆ.

ಅಪಾರ್ಟ್‌ಮೆಂಟ್ ರಾಜ್ಯೋತ್ಸವ ಅಂದ್ರೆ ಆರ್ಕೆಸ್ಟ್ರಾ ಥರ ಆಗಿಬಿಡಲ್ವಾ? ನಾವು ಬ್ಯಾಂಡ್ ಅಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಕರ್ನಾಟಕದ ಊರೂರಿನ ಗಣೇಶನ ಪೆಂಡಾಲ್‌ಗಳಲ್ಲಿ ರಾತ್ರಿಯೆಲ್ಲ ನುಡಿಸಿದ ಆರ್ಕೆಸ್ಟ್ರಾದವರಿಗೆ ಗೊತ್ತಿದ್ದಷ್ಟು ಸ್ಟೇಜ್ ವಿದ್ಯೆ ನಮ್ಮಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿಲ್ಲ. ಕರೆಂಟ್ ಹೋದರೆ ಏನು ಮಾಡಬೇಕು, ಗಾಯಕಿಗೆ ಗಂಟಲು ಕಟ್ಟಿದರೆ ಯಾವ ಶ್ರುತಿಗೆ ಇಳಿಸಬೇಕು, ಮುಂದಿನ ಸಾಲಿನ ಅಜ್ಜಿ ನಿದ್ದೆ ಹೋಗುವ ಮುಂಚೆ ಯಾವ ಹಾಡು ತೆಗೆಯಬೇಕು, ಎಲ್ಲ ಅವರಿಗೆ ಬಾಯಿಪಾಠ. ಅವಕಾಶ ಸಿಕ್ಕಿದರೆ ಒಂದು ಆರ್ಕೆಸ್ಟ್ರಾ ತಂಡದ ಪಕ್ಕ ನಿಂತು ಪೂರ್ತಿ ಪ್ರೋಗ್ರಾಂ ನೋಡಿ.

ಆದರೆ ಆ ಸ್ಟೇಜ್‌ನಲ್ಲಿ ಏನಾಗುತ್ತದೆ ಅಂತ ತಿಳಿದುಕೊಂಡು ಹೋಗಿ. ಕಾರ್ಯಕ್ರಮ ಆರಕ್ಕೆ ಅಂತ ಇರುತ್ತದೆ. ಆರೂವರೆಗೆ ದೀಪ ಹಚ್ಚುತ್ತಾರೆ. ನಾಡಗೀತೆ, ಸ್ವಾಗತ ಭಾಷಣ, ಅಧ್ಯಕ್ಷರ ಎರಡು ಮಾತು, ಅದು ಇಪ್ಪತ್ತು ನಿಮಿಷ. ಮಕ್ಕಳ ಛದ್ಮವೇಷದಲ್ಲಿ ಮೂರು ಕಿತ್ತೂರು ಚೆನ್ನಮ್ಮ, ನಾಲ್ಕು ಓಬವ್ವ. ಒಂದು ಓಬವ್ವ ಒನಕೆ ಬಿಟ್ಟು ಅಳುತ್ತಾ ಅಮ್ಮನ ಹತ್ತಿರ ಓಡುತ್ತದೆ. ಅಲ್ಲಿಂದ ಗ್ರೂಪ್ ಡಾನ್ಸ್, ಅಂತ್ಯಾಕ್ಷರಿ, ಬಹುಮಾನ. ನಿಮ್ಮನ್ನು ಸ್ಟೇಜ್‌ಗೆ ಕರೆಯುವಾಗ ಒಂಬತ್ತು ಗಂಟೆ ಐದು ನಿಮಿಷ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು, ಅದು 2000ದ ಶಬ್ದ ಮಾಲಿನ್ಯ ನಿಯಮ. ಕೇಬಲ್ ಜೋಡಿಸುವಷ್ಟರಲ್ಲಿ ಒಂದು ಗಂಟೆಯ ಸೆಟ್ಟು ನಲವತ್ತು ನಿಮಿಷ ಆಯಿತು, ಆ ಕಡೆ ಊಟದ ಕೌಂಟರ್ ಕೂಡ ಶುರುವಾಯಿತು.

ಅದಕ್ಕೇ ಒಂದೇ ಸೆಟ್ಟನ್ನು ಮೂರು ಅಳತೆಯಲ್ಲಿ ಬರೆದಿಟ್ಟುಕೊಳ್ಳಿ: ಒಂದು ಗಂಟೆಯದು, ನಲವತ್ತು ನಿಮಿಷದ್ದು, ಇಪ್ಪತ್ತು ನಿಮಿಷದ್ದು. ಇಪ್ಪತ್ತರದ್ದರಲ್ಲಿ ಮೊದಲ ಹಾಡು ಎಲ್ಲರಿಗೂ ಗೊತ್ತಿರುವುದು, ಎರಡು ಮತ್ತು ಮೂರು ನಿಮ್ಮದು, ಕೊನೆಯದು ಚಪ್ಪಾಳೆ ತಟ್ಟುವಂಥದ್ದು. ಯಾರೋ ಒಬ್ಬರು ಖಂಡಿತ ಬಂದು "ಸರ್, ಒಂದು ಡಾನ್ಸ್ ಸಾಂಗ್ ಹಾಕಿ" ಅನ್ನುತ್ತಾರೆ. ಮುಖ ಗಂಟು ಹಾಕಿಕೊಳ್ಳಬೇಡಿ. ನಿಮ್ಮ ಸೆಟ್ಟಿನಲ್ಲೇ ಜೋರಾದ ಒಂದು ಜನಪದ ಇದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ.

ಸರಿ, ಪಬ್, ಕೆಫೆ, ಆಡಿಟೋರಿಯಂಗೆ ಹೋಗೋದು ಹೇಗೆ?

ಮೊದಲು ಪ್ರೇಕ್ಷಕರಾಗಿ ಹೋಗಿ. ಎರಡು ಮೂರು ಸಲ ಟಿಕೆಟ್ ತಗೊಂಡು ಕೂತು ನೋಡಿ. ಯಾವ ವಾರ ಯಾವ ಥರದ ಬ್ಯಾಂಡ್, ಸ್ಟೇಜ್ ಎಷ್ಟು ದೊಡ್ಡದು, ಸೌಂಡ್ ಯಾರು ನೋಡುತ್ತಾರೆ, ಜನ ಎಷ್ಟು ಹೊತ್ತಿಗೆ ಬರುತ್ತಾರೆ. ಶೋ ಮುಗಿದ ಮೇಲೆ ನುಡಿಸಿದ ಬ್ಯಾಂಡ್‌ನವರನ್ನು ಮಾತಾಡಿಸಿ. ಹೊಸಬರಿಗೆ ಆ ಜಾಗದಲ್ಲಿ ಸ್ಟೇಜ್ ಸಿಗುವುದು ಹೆಚ್ಚಾಗಿ ಇನ್ನೊಂದು ಬ್ಯಾಂಡ್‌ನ ಶೋಗೆ ಓಪನಿಂಗ್ ಆಗಿ, ಇಲ್ಲಾ ಯಾರೋ ಕೈಕೊಟ್ಟಾಗ ಕೊನೇ ಗಳಿಗೆಯಲ್ಲಿ. ಎರಡಕ್ಕೂ ಯಾರಿಗಾದರೂ ನಿಮ್ಮ ಮುಖ ಗೊತ್ತಿರಬೇಕು.

ಕೂತು ಕೇಳುವ ಜನ ಬೇಕು ಅಂದರೆ ಪಬ್ ಬಿಟ್ಟು ಯೋಚನೆ ಮಾಡಿ. ಜೆ.ಪಿ. ನಗರದಲ್ಲಿ ರಂಗಶಂಕರ ಇದೆ, ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂ ಇದೆ. ದೊಮ್ಮಲೂರಿನಲ್ಲಿ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇದೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ನಯನ ಸಭಾಂಗಣ ಇದೆ. ಇವು ಮೊದಲ ಶೋಗೆ ಅಲ್ಲ, ಮೊದಲ ವರ್ಷದ ಕೊನೆಗೆ. ನಾಟಕದವರ ಜೊತೆ ಸ್ನೇಹ ಮಾಡಿದರೆ ಇನ್ನೂ ಬೇಗ ಆಗಬಹುದು. ರಂಗತಂಡಗಳಿಗೆ ಲೈವ್ ಸಂಗೀತ ಬೇಕಾಗುತ್ತದೆ, ನಾಟಕ ನೋಡೋಕೆ ಬಂದವರು ಕಿವಿಗೊಟ್ಟು ಕೇಳುವವರು.

ಹೊಸಬರಿಗೆ ಬಾಗಿಲು ತೆರೆದಿಟ್ಟ ಜಾಗವೂ ಇದೆ. ಯಾರು ಬೇಕಾದರೂ ಬಂದು ಹಾಡಬಹುದಾದ ಓಪನ್ ಮೈಕ್‌ಗಳು, ಜ್ಯಾಮ್‌ಗಳು. 1996ರಲ್ಲಿ ಬೆಂಗಳೂರಿನಲ್ಲಿ ಸ್ವಾತಂತ್ರ್ಯ ದಿನದ ಹೊತ್ತಿಗೆ ಶುರುವಾದ ಫ್ರೀಡಂ ಜಾಮ್ ಎಷ್ಟೋ ಬ್ಯಾಂಡ್‌ಗಳಿಗೆ ಮೊದಲ ಸ್ಟೇಜ್ ಆಯಿತು. ಓಪನ್ ಮೈಕ್‌ಗೆ ಐದೂ ಜನ ಹೋಗಬೇಡಿ. ಇಬ್ಬರು ಹೋಗಿ, ಒಂದು ಗಿಟಾರ್, ಒಂದು ಗಂಟಲು, ಎರಡು ಹಾಡು.

ಏನಂತ ಮೆಸೇಜ್ ಕಳಿಸಬೇಕು? ಎಷ್ಟು ಕಳಿಸಿದರೂ ಬ್ಲೂ ಟಿಕ್ ಅಷ್ಟೇ.

ಬ್ಲೂ ಟಿಕ್ ಬಂದಿದೆ ಅಂದರೆ ಓದಿದ್ದಾರೆ, ಮುಂದೇನು ಮಾಡಬೇಕು ಅಂತ ಗೊತ್ತಾಗಿಲ್ಲ. "ಸರ್ ನಮ್ಮದೊಂದು ಬ್ಯಾಂಡ್ ಇದೆ, ಅವಕಾಶ ಕೊಡಿ" ಅನ್ನುವ ಮೆಸೇಜ್‌ಗೆ ಅವರು ಏನಂತ ಉತ್ತರ ಕೊಡಬೇಕು? ಹೀಗೆ ಬರೆದು ನೋಡಿ:

"ನಮಸ್ಕಾರ ಮೇಡಂ. ನಾವು ಐದು ಜನರ ಕನ್ನಡ ಬ್ಯಾಂಡ್, ಜನಪದ ಮತ್ತು ಸ್ವಂತ ಹಾಡು ನುಡಿಸುತ್ತೇವೆ. ನಿಮ್ಮ ಅಪಾರ್ಟ್‌ಮೆಂಟ್ ರಾಜ್ಯೋತ್ಸವ ನವೆಂಬರ್ ಎರಡನೇ ವಾರ ಅಂತ ತಿಳಿಯಿತು. 45 ನಿಮಿಷದ ಪ್ರೋಗ್ರಾಂ ಕೊಡಬಹುದು. ಎರಡು ನಿಮಿಷದ ಲೈವ್ ವಿಡಿಯೋ ಇಲ್ಲಿದೆ. ಸೌಂಡ್ ನಿಮ್ಮ ಕಡೆಯವರದ್ದಾದರೆ ಏನೇನು ಬೇಕು ಅಂತ ಒಂದು ಪುಟದಲ್ಲಿ ಕಳಿಸುತ್ತೇವೆ. ನಾಳೆ ಸಂಜೆ ಫೋನ್ ಮಾಡಬಹುದಾ?"

ಯಾರು, ಯಾವಾಗ, ಎಷ್ಟು ಹೊತ್ತು, ಒಂದು ಲಿಂಕ್, ಒಂದು ಪ್ರಶ್ನೆ. ಅಷ್ಟೇ. ಹನ್ನೆರಡು ಲಿಂಕ್ ಹಾಕಬೇಡಿ. ಬ್ಯಾಂಡ್ ಹೇಗೆ ಹುಟ್ಟಿತು ಅನ್ನುವ ಕಥೆ ಬೇಡ. ನಾಳೆ ಸಂಜೆ ಅಂದಮೇಲೆ ನಾಳೆ ಸಂಜೆ ಫೋನ್ ಮಾಡಿ. ಬೇಡ ಅಂದರೆ "ಪರವಾಗಿಲ್ಲ ಮೇಡಂ, ಮುಂದಿನ ವರ್ಷ ನೆನಪಿಸ್ತೀನಿ" ಅಂತ ಹೇಳಿ, ನಿಜವಾಗಲೂ ನೆನಪಿಸಿ.

ವಿಡಿಯೋ ಸ್ಟುಡಿಯೋದಲ್ಲಿ ಮಾಡಿಸಬೇಕಾ?

ಬೇಡ. ಕರೆಯುವವರಿಗೆ ಬೇಕಾಗಿರುವುದು ನೀವು ಲೈವ್ ಆಗಿ ಹೇಗೆ ಕೇಳಿಸುತ್ತೀರಿ ಅನ್ನುವುದು. ಲಿಪ್ ಸಿಂಕ್ ಮಾಡಿ ಕಾಫಿ ತೋಟದಲ್ಲಿ ಡ್ರೋನ್ ಹಾರಿಸಿದ ವಿಡಿಯೋ ನೋಡಿ ಯಾರಿಗೂ ಅದು ಗೊತ್ತಾಗುವುದಿಲ್ಲ. ಜ್ಯಾಮ್ ರೂಮ್‌ನಲ್ಲೇ ಬೆಳಕು ಸರಿ ಮಾಡಿ, ಮೊಬೈಲ್ ಅಲುಗಾಡದ ಹಾಗೆ ನಿಲ್ಲಿಸಿ, ಆಡಿಯೋವನ್ನು ಮಿಕ್ಸರ್‌ನಿಂದ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಸೇರಿಸಿ. ಮೊದಲ ಹತ್ತು ಸೆಕೆಂಡ್‌ನಲ್ಲೇ ಹಾಡು ಶುರುವಾಗಿರಬೇಕು. ಬ್ಯಾಂಡ್ ಲೋಗೋ ಹೊಗೆಯಿಂದ ಎದ್ದು ಬರುವುದೆಲ್ಲ ನಿಮಗೆ ಮಾತ್ರ ಇಷ್ಟ.

ಮೊದಲ ಶೋ ಸಿಕ್ಕ ಕೂಡಲೇ ಅದನ್ನು ರೆಕಾರ್ಡ್ ಮಾಡಿಸಿ. ಜನರ ಮುಖ ಕಾಣುವ, ಚಪ್ಪಾಳೆ ಕೇಳುವ ಎರಡು ನಿಮಿಷದ ತುಣುಕು ಅದಕ್ಕಿಂತ ಹಿಂದಿನ ಎಲ್ಲ ವಿಡಿಯೋಗಳನ್ನೂ ಮೂಲೆಗೆ ತಳ್ಳುತ್ತದೆ.

"ದುಡ್ಡು ಇಲ್ಲ, ಆದರೆ ಒಳ್ಳೇ ಎಕ್ಸ್‌ಪೋಷರ್ ಸಿಗುತ್ತೆ" ಅಂತಾರೆ. ಫ್ರೀ ಆಗಿ ನುಡಿಸಬೇಕಾ?

ಕೆಲವು ಸಲ ನುಡಿಸಬಹುದು. ಯಾವಾಗ ಅನ್ನುವುದನ್ನು ನೀವು ತೀರ್ಮಾನ ಮಾಡಬೇಕು, ಅವರಲ್ಲ. ನನ್ನ ಲೆಕ್ಕ ಹೀಗೆ. ಅಲ್ಲಿ ಯಾರೂ ದುಡ್ಡು ಮಾಡುತ್ತಿಲ್ಲ ಅಂದರೆ, ಉದಾಹರಣೆಗೆ ಸರ್ಕಾರಿ ಶಾಲೆಯ ಕಾರ್ಯಕ್ರಮ, ಗ್ರಂಥಾಲಯಕ್ಕೆ ಹಣ ಎತ್ತುವ ಸಂಜೆ, ಗೆಳೆಯರ ರಂಗತಂಡ, ಧಾರಾಳವಾಗಿ ಹೋಗಿ. ಆದರೆ ಸ್ಟೇಜ್‌ಗೆ, ಲೈಟ್‌ಗೆ, ಹೂವಿನ ಅಲಂಕಾರಕ್ಕೆ, ಆ್ಯಂಕರ್‌ಗೆ ದುಡ್ಡು ಇದ್ದು ಬ್ಯಾಂಡ್‌ಗೆ ಮಾತ್ರ ಇಲ್ಲ ಅಂದರೆ, ಅವರು ನಿಮ್ಮನ್ನು ಲೆಕ್ಕಕ್ಕೇ ತಗೊಂಡಿಲ್ಲ.

ಫ್ರೀ ಅಂತ ಒಪ್ಪಿಕೊಂಡರೂ ಓಡಾಟದ ಖರ್ಚು, ಊಟ, ಒಳ್ಳೆಯ ರೆಕಾರ್ಡಿಂಗ್ ಇವನ್ನು ಕೇಳಿ. ಪೋಸ್ಟರ್‌ನಲ್ಲಿ ಬ್ಯಾಂಡ್ ಹೆಸರು ಓದುವಷ್ಟು ದೊಡ್ಡದಾಗಿ ಇರಬೇಕು ಅಂತಲೂ ಕೇಳಿ. ನುಡಿಸುವುದಕ್ಕೆ ನಿಮ್ಮಿಂದಲೇ ದುಡ್ಡು ಕೇಳುವವರೂ ಇದ್ದಾರೆ, "ಸ್ಲಾಟ್ ಫೀ", "ರಿಜಿಸ್ಟ್ರೇಷನ್" ಅಂತ. ದೂರದಿಂದಲೇ ಕೈ ಮುಗಿಯಿರಿ.

ಎಷ್ಟು ಕೇಳಬೇಕು ಅಂತಲೇ ಗೊತ್ತಾಗಲ್ಲ.

ಬಾಯಿಗೆ ಬಂದ ನಂಬರ್ ಹೇಳಬೇಡಿ, ಕೆಳಗಿನಿಂದ ಕಟ್ಟಿ. ಎರಡು ಪ್ರಾಕ್ಟೀಸ್‌ಗೆ ಜ್ಯಾಮ್ ರೂಮ್ ಬಾಡಿಗೆ, ಡ್ರಮ್ ಸೆಟ್ಟು ಹೊರಲು ಗಾಡಿ, ಪೆಟ್ರೋಲ್, ಹೊಸ ತಂತಿ, ಸೌಂಡ್ ಇಂಜಿನಿಯರ್ ಇದ್ದರೆ ಅವರ ಸಂಬಳ. ಇದು ಕೈಯಿಂದ ಹೋಗುವ ದುಡ್ಡು. ಅದರ ಮೇಲೆ ತಲಾ ಇಷ್ಟು ಅಂತ ಐದು ಜನಕ್ಕೆ. ಅದರ ಮೇಲೆ ಇನ್ನೊಂದು ಪಾಲು ಬ್ಯಾಂಡ್‌ನ ಡಬ್ಬಕ್ಕೆ, ರೆಕಾರ್ಡಿಂಗ್ ಮಾಡೋಕೆ. ಬಂದ ಮೊತ್ತ ನಿಮ್ಮ ರೇಟು. ಚೌಕಾಸಿ ಆದರೆ ಮೊದಲ ಭಾಗ ಮಾತ್ರ ಬಿಟ್ಟುಕೊಡಬೇಡಿ.

ಕೆಲವು ಜಾಗದವರು ಟಿಕೆಟ್ ಪಾಲು ಕೊಡುತ್ತಾರೆ. ಹೀಗೆ ಲೆಕ್ಕ ಹಾಕಿ: ಟಿಕೆಟ್ 300 ರೂಪಾಯಿ, 60 ಜನ ಬಂದರು, 18,000 ಆಯಿತು. 70:30 ಅಂದರೆ ನಿಮಗೆ 12,600. ಆದರೆ ಸೌಂಡ್ ಖರ್ಚನ್ನು ಹಂಚುವ ಮೊದಲು ಕಳೆಯುತ್ತಾರಾ, ಆಮೇಲಾ? 8,000 ಮೊದಲೇ ಕಳೆದರೆ ನಿಮ್ಮ ಪಾಲು 7,000. ಅದನ್ನು ಶೋಗೆ ಮುಂಚೆ ಮೆಸೇಜ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಆಗಲ್ಲ.

ಅಡ್ವಾನ್ಸ್ ಕೇಳೋಕೆ ನಾಚಿಕೆ ಬೇಡ. ಅರ್ಧ ಮೊದಲು, ಉಳಿದದ್ದು ಅವತ್ತೇ ಸ್ಟೇಜ್ ಇಳಿದ ಮೇಲೆ. ಕಂಪನಿ ಕಾರ್ಯಕ್ರಮ ಆದರೆ ಬಿಲ್ ಕೊಡಬೇಕು, ಪ್ಯಾನ್ ನಂಬರ್ ಬೇಕು, ದುಡ್ಡು ಬರೋಕೆ ಒಂದೆರಡು ತಿಂಗಳು ಆಗಬಹುದು, ಟಿಡಿಎಸ್ ಕೂಡ ಹಿಡಿಯಬಹುದು. ಯಾರ ಪ್ಯಾನ್ ಕೊಟ್ಟಿರೋ ಅವರ ಆದಾಯ ಅಂತ ಪೂರ್ತಿ ಮೊತ್ತ ತೋರಿಸುತ್ತದೆ, ಹಾಗಾಗಿ ಯಾರಿಗೆ ಎಷ್ಟು ಹಂಚಿದ್ದು ಅಂತ ಲೆಕ್ಕ ಬರೆದಿಡಿ. ದುಡ್ಡಿನ ಮಾತಿಗೆ ಒಡೆದ ಬ್ಯಾಂಡ್‌ಗಳು ಸಂಗೀತದ ಜಗಳಕ್ಕೆ ಒಡೆದವಕ್ಕಿಂತ ಜಾಸ್ತಿ ಅಂತ ನನ್ನ ಅಂದಾಜು.

ಸೌಂಡ್‌ನವರಿಗೆ ಏನು ಕೊಡಬೇಕು? ರೈಡರ್ ಅಂತಾರಲ್ಲ, ಅದೇನು?

ಒಂದು ಪುಟ. ಮೇಲೆ ಸ್ಟೇಜ್ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವ ಚಿತ್ರ, ಕೆಳಗೆ ಇನ್‌ಪುಟ್ ಲಿಸ್ಟ್, ಅಂದರೆ ಮಿಕ್ಸರ್‌ಗೆ ಯಾವ್ಯಾವ ಸದ್ದು ಹೋಗಬೇಕು ಅನ್ನುವ ಪಟ್ಟಿ. ಹಾಡುಗಾರ ಅಕೂಸ್ಟಿಕ್ ಗಿಟಾರ್ ಹಿಡಿದಿದ್ದು, ಜೊತೆಗೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್ ಇರುವ ಬ್ಯಾಂಡ್ ಅಂದುಕೊಳ್ಳಿ. ಪೂರ್ತಿ ಲಿಸ್ಟ್: ಡ್ರಮ್ಸ್‌ಗೆ ಕಿಕ್, ಸ್ನೇರ್, ಹೈಹ್ಯಾಟ್, ಎರಡು ಟಾಮ್, ಎರಡು ಓವರ್‌ಹೆಡ್ (ಡ್ರಮ್ಸ್ ಮೇಲಿಡುವ ಮೈಕ್), ಬೇಸ್‌ಗೆ ಡಿಐ (ವಾದ್ಯವನ್ನು ನೇರ ಮಿಕ್ಸರ್‌ಗೆ ಸೇರಿಸುವ ಸಣ್ಣ ಬಾಕ್ಸ್), ಎಲೆಕ್ಟ್ರಿಕ್ ಗಿಟಾರ್ ಆ್ಯಂಪ್‌ಗೆ ಮೈಕ್, ಅಕೂಸ್ಟಿಕ್‌ಗೆ ಡಿಐ, ಕೀಬೋರ್ಡ್‌ಗೆ ಎರಡು, ಹಾಡೋಕೆ ಎರಡು ಮೈಕ್. ಒಟ್ಟು 14 ಚಾನೆಲ್.

ಈಗ ನಿಜದ ಮಾತು. ಬಡಾವಣೆ ಕಾರ್ಯಕ್ರಮಕ್ಕೆ ಬರುವ ಸೌಂಡ್‌ನವರ ಹತ್ತಿರ ಎರಡು ಟಾಪ್ ಸ್ಪೀಕರ್, ಎರಡು ಬೇಸ್ ಬಾಕ್ಸ್, ಒಂದು ಸಣ್ಣ ಮಿಕ್ಸರ್, ಎರಡು ಕಾರ್ಡ್‌ಲೆಸ್ ಮೈಕ್ ಇರುತ್ತದೆ. ಒಂದು ಕಾರ್ಡ್‌ಲೆಸ್ ನಿರೂಪಕಿಯ ಕೈಯಲ್ಲೇ ಇರುತ್ತದೆ. ಅದಕ್ಕೆ ಎಂಟು ಚಾನೆಲ್‌ನ ಎರಡನೇ ಲಿಸ್ಟನ್ನೂ ಅದೇ ಪುಟದಲ್ಲಿ ಬರೆಯಿರಿ: ಕಿಕ್, ಒಂದು ಓವರ್‌ಹೆಡ್, ಬೇಸ್, ಎಲೆಕ್ಟ್ರಿಕ್, ಅಕೂಸ್ಟಿಕ್, ಕೀಬೋರ್ಡ್ ಒಂದೇ ಲೈನ್, ಎರಡು ಹಾಡುವ ಮೈಕ್. ಒಂದು ದಿನ ಮುಂಚೆ ಸೌಂಡ್‌ನವರಿಗೇ ನೇರವಾಗಿ ಫೋನ್ ಮಾಡಿ. ಸಮಿತಿಯವರ ಮೂಲಕ ಹೇಳಿಸಿದರೆ "ಎಲ್ಲಾ ಇದೆ ಅಂತೆ" ಅನ್ನುವ ಉತ್ತರ ಬರುತ್ತದೆ, ಅದರ ಅರ್ಥ ಏನು ಬೇಕಾದರೂ ಆಗಬಹುದು.

ನಿಮ್ಮ ಬ್ಯಾಗಿನಲ್ಲಿ ಸ್ವಂತದ ಎರಡು ಡಿಐ ಬಾಕ್ಸ್, ನಾಲ್ಕು ಎಕ್ಸ್‌ಎಲ್‌ಆರ್ ಕೇಬಲ್, ಎರಡು ಎಕ್ಸ್‌ಟೆನ್ಷನ್ ಬೋರ್ಡ್, ಗಾಫರ್ ಟೇಪ್, ಒಂದು ಒಳ್ಳೆ ಹಾಡುವ ಮೈಕ್ ಇರಲಿ. ಸೌಂಡ್‌ನವರ ಹೆಸರು ಕೇಳಿ, ಹೆಸರು ಹಿಡಿದೇ ಕರೆಯಿರಿ, ಶೋ ಮುಗಿದ ಮೇಲೆ ಮೈಕ್‌ನಲ್ಲೇ ಥ್ಯಾಂಕ್ಸ್ ಹೇಳಿ. ವರ್ಷಪೂರ್ತಿ ಊರೆಲ್ಲ ಸ್ಟೇಜ್ ಹಾಕುವವರು ಅವರು. "ಯಾವುದಾದ್ರೂ ಒಳ್ಳೆ ಟೀಮ್ ಇದ್ರೆ ಹೇಳಪ್ಪ" ಅಂತ ಸಮಿತಿಯವರು ಕೇಳುವುದು ಅವರನ್ನೇ.

ಸೌಂಡ್‌ಚೆಕ್‌ಗೆ ಟೈಮೇ ಕೊಡಲಿಲ್ಲ ಅಂದ್ರೆ?

ಕೊಡುವುದಿಲ್ಲ ಅಂತಲೇ ಅಂದುಕೊಂಡು ಹೋಗಿ. ಮಧ್ಯಾಹ್ನ ಶಾಮಿಯಾನ ಕಟ್ಟುವಾಗಲೇ ಹೋದರೆ ಹದಿನೈದು ನಿಮಿಷ ಸಿಗಬಹುದು. ಇಲ್ಲದಿದ್ದರೆ ಒಂದೊಂದು ಲೈನ್ ಸದ್ದು ಬರುತ್ತಾ ಅಂತ ನೋಡಿ, ಮೊದಲ ಹಾಡನ್ನೇ ಸೌಂಡ್‌ಚೆಕ್ ಮಾಡಿಕೊಳ್ಳಿ. ಆ ಹಾಡು ಎಲ್ಲರೂ ಕಣ್ಣುಮುಚ್ಚಿ ನುಡಿಸುವಂಥದ್ದಾಗಿರಲಿ. ಮೈಕ್‌ನಲ್ಲಿ "ಚೆಕ್ ಚೆಕ್, ಮಾನಿಟರ್ ಕೇಳ್ತಿಲ್ಲ ಗುರೂ" ಅಂತ ಮಾತ್ರ ಗೊಣಗಬೇಡಿ. ಕೈಸನ್ನೆ ಸಾಕು.

ಬೇರೆಯವರ ಹಾಡು ಹಾಡಿದರೆ ಕಾಪಿರೈಟ್ ತೊಂದರೆ ಆಗುತ್ತಾ? ಭಾವಗೀತೆ, ತತ್ವಪದ ಹಾಡಬಹುದಾ?

ಸ್ಟೇಜ್ ಮೇಲೆ ಲೈವ್ ಆಗಿ ಕವರ್ ಹಾಡುವುದಕ್ಕೆ ಲೈಸೆನ್ಸ್ ಪಡೆಯುವುದು ಸಾಮಾನ್ಯವಾಗಿ ಕಾರ್ಯಕ್ರಮ ನಡೆಸುವವರ ಕೆಲಸ. ಗೀತರಚನೆಕಾರರ, ಸಂಗೀತ ನಿರ್ದೇಶಕರ ಪರವಾಗಿ ಐಪಿಆರ್‌ಎಸ್ ಸಂಸ್ಥೆ ಅದನ್ನು ಕೊಡುತ್ತದೆ. ಟಿಕೆಟ್ ಇಟ್ಟ ಶೋ, ಪಬ್, ಕಂಪನಿ ಕಾರ್ಯಕ್ರಮಗಳಲ್ಲಿ ಇದು ಮುಖ್ಯ. ಸರ್ಕಾರದ ಅಧಿಕೃತ ಸಮಾರಂಭಕ್ಕೆ, ಧಾರ್ಮಿಕ ಸಮಾರಂಭಕ್ಕೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ.

ರೆಕಾರ್ಡ್ ಮಾಡಿ ಹಾಕುವುದಾದರೆ ಕಥೆ ಬೇರೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ, ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ. ಬೇಂದ್ರೆ ಹೋದದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಕುವೆಂಪು 1994, ಹಾಗಾಗಿ 2054. ಅವರ ಕವಿತೆಗೆ ಹೊಸ ರಾಗ ಹಾಕಿ ರಿಲೀಸ್ ಮಾಡಬೇಕಾದರೆ ಹಕ್ಕು ಇರುವವರ ಒಪ್ಪಿಗೆ ಬೇಕು. ವಚನಗಳು, ದಾಸರ ಪದಗಳು, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳು ಎಲ್ಲರ ಸ್ವತ್ತು.

ಆದರೆ ಇಲ್ಲೊಂದು ಸಿಕ್ಕು ಇದೆ, ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸಾಹಿತ್ಯದ ಹಕ್ಕು ಬೇರೆ, ರಾಗಸಂಯೋಜನೆಯ ಹಕ್ಕು ಬೇರೆ. ಶರೀಫರ ಸಾಲು ಎಲ್ಲರದ್ದು, ಅದಕ್ಕೆ ಸಿ. ಅಶ್ವತ್ಥ್ ಹಾಕಿದ ಧಾಟಿ ಎಲ್ಲರದ್ದಲ್ಲ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ನಮ್ಮ ಕಿವಿಯಲ್ಲಿ ಆ ಧಾಟಿ ಎಷ್ಟು ಕೂತಿದೆ ಅಂದರೆ ಅದೇ ಮೂಲ ಅನ್ನಿಸುತ್ತದೆ. ರಿಲೀಸ್ ಮಾಡುವುದಾದರೆ ನಿಮ್ಮದೇ ಧಾಟಿ ಕಟ್ಟಿ. ಹೊಸ ಬ್ಯಾಂಡ್‌ಗೆ ಇದಕ್ಕಿಂತ ಒಳ್ಳೆ ಕೆಲಸ ಇನ್ನೊಂದಿಲ್ಲ. ಕೇಳುವವರಿಗೆ ಮಾತು ಗೊತ್ತು, ಹಾಡು ಹೊಸದು. ರಘು ದೀಕ್ಷಿತ್ ಪ್ರಾಜೆಕ್ಟ್ ಶರೀಫರ ಪದಗಳನ್ನು ತನ್ನದೇ ಸದ್ದಿನಲ್ಲಿ ಹಾಡಿತು. ಆ ಬ್ಯಾಂಡ್ 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದ ತನಕ ಹೋಯಿತು.

ಸ್ಪಾಟಿಫೈನಲ್ಲಿ ಹಾಡು ಹಾಕಿದ್ವಿ. ಯಾರೂ ಕೇಳ್ತಿಲ್ಲ.

ಹಾಡು ಅಲ್ಲಿರಬೇಕು, ಆದರೆ ಅಲ್ಲಿಂದ ಶೋ ಬರುತ್ತದೆ ಅಂತ ಕಾಯಬೇಡಿ. ಶೋ ನೋಡಿದವರು ಮನೆಗೆ ಹೋಗಿ ಹುಡುಕಿದಾಗ ಸಿಗಬೇಕು, ಅಷ್ಟಕ್ಕೆ. ಡಿಸ್ಟ್ರೊಕಿಡ್, ಟ್ಯೂನ್‌ಕೋರ್ ಥರದ ಡಿಸ್ಟ್ರಿಬ್ಯೂಟರ್ ಮೂಲಕ ಒಂದೇ ಸಲ ಎಲ್ಲ ಆ್ಯಪ್‌ಗಳಿಗೂ ಹಾಕಬಹುದು. ರಿಲೀಸ್ ದಿನಾಂಕವನ್ನು ಮೂರ್ನಾಲ್ಕು ವಾರ ಮುಂದೆ ಇಡಿ, ಆಗ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಪ್ಲೇಲಿಸ್ಟ್‌ಗೆ ಅಂತ ಕೇಳಿಕೊಳ್ಳೋಕೆ ಸಮಯ ಇರುತ್ತದೆ. ದುಡ್ಡಿನ ಆಸೆ ಸದ್ಯಕ್ಕೆ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ಹಾಡಿಗೆ ರಾಯಲ್ಟಿಯೇ ಇಲ್ಲ.

ಹೆಸರನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಹುಡುಕಿ ನೋಡಿ. ಇಂಗ್ಲಿಷಿನಲ್ಲಿ ಬರೆದಾಗ ಒಂದೊಂದು ಕಡೆ ಒಂದೊಂದು ಸ್ಪೆಲಿಂಗ್ ಇದ್ದರೆ ಯಾರಿಗೂ ಸಿಗುವುದಿಲ್ಲ. ಒಂದೇ ಸ್ಪೆಲಿಂಗ್, ಎಲ್ಲ ಕಡೆ.

ರೀಲ್ಸ್ ಬಗ್ಗೆ ತುಂಬಾ ಕೇಳುತ್ತೀರಿ. ಮಾಡಿ, ಆದರೆ ಪ್ರಾಕ್ಟೀಸ್ ಟೈಮ್ ತಿನ್ನದಷ್ಟು. ಕೊಳ್ಳೇಗಾಲದವರು, ಕಲಬುರಗಿಯವರು ನೋಡಿ ಲೈಕ್ ಮಾಡಿದರೆ ಖುಷಿಯೇ. ಜಯನಗರದ ಶೋಗೆ ಅವರು ಬರುವುದಿಲ್ಲ.

ಸ್ಟೇಜ್ ಮೇಲೆ ಏನು ಹಾಕ್ಕೋಬೇಕು ಅನ್ನೋದೂ ಮುಖ್ಯನಾ?

ಹೌದು. ರಘು ದೀಕ್ಷಿತ್ ಲುಂಗಿ, ಗೆಜ್ಜೆ ಅಂದರೆ ಯಾರೂ ಮರೆಯುವುದಿಲ್ಲ. ಸ್ವರಾತ್ಮ ಬ್ಯಾಂಡ್‌ನ ವಾಸು ದೀಕ್ಷಿತ್ ಕುದುರೆಗೊಂಬೆ ಕಟ್ಟಿಕೊಂಡು ಕುಣಿದದ್ದೂ ಹಾಗೇ. ಅದನ್ನೇ ಕಾಪಿ ಮಾಡಬೇಡಿ. ಆಫೀಸಿನ ಐಡಿ ಕಾರ್ಡ್ ಕತ್ತಿನಲ್ಲೇ ಬಿಟ್ಟು ಸ್ಟೇಜ್ ಹತ್ತಬೇಡಿ, ಅಲ್ಲಿಂದ ಶುರು ಮಾಡೋಣ.

ಕಾಂಪಿಟಿಷನ್‌ಗಳಿಗೆ ಹೋಗಬೇಕಾ?

ಕಾಲೇಜಿನಲ್ಲಿ ಇನ್ನೂ ಓದುತ್ತಿದ್ದರೆ ಖಂಡಿತ. ನ್ಯಾಷನಲ್ ಲಾ ಸ್ಕೂಲ್‌ನ ಸ್ಟ್ರಾಬೆರಿ ಫೀಲ್ಡ್ಸ್, ಐಐಟಿ ಮದ್ರಾಸ್‌ನ ಸಾರಂಗ್ ಥರದ ಫೆಸ್ಟ್‌ಗಳ ಬ್ಯಾಂಡ್ ಸ್ಪರ್ಧೆಗಳಲ್ಲಿ ನುಡಿಸಿ ಬೆಳೆದವರು ತುಂಬಾ ಜನ ಇದ್ದಾರೆ. ಬಹುಮಾನಕ್ಕಿಂತ ಹೆಚ್ಚಿನ ಲಾಭ ಸ್ಟೇಜ್ ಹಿಂದೆ ಇರುತ್ತದೆ. ಹತ್ತು ಬ್ಯಾಂಡ್‌ಗಳು ಒಂದೇ ಕಾರಿಡಾರಿನಲ್ಲಿ ಕಾಯುತ್ತಾ ಕೂತಿರುತ್ತವೆ, ತಂತಿ ಸಾಲ ಕೊಡಿ, ನಂಬರ್ ತಗೊಳ್ಳಿ. ಆನ್‌ಲೈನ್ ವೋಟಿಂಗ್ ಸ್ಪರ್ಧೆಗಳಿಗೆ ನೆಂಟರಿಷ್ಟರನ್ನೆಲ್ಲ ಕಾಡುವುದು ವೇಸ್ಟು. ನಿಜವಾದ ಶೋಗೆ ಬನ್ನಿ ಅಂತ ಕರೆಯುವ ಹೊತ್ತಿಗೆ ಅವರಿಗೆ ಸಾಕಾಗಿರುತ್ತದೆ.

ಬೆಂಗಳೂರಿನಲ್ಲಿ ಇಲ್ಲ. ನಮ್ಮ ಊರಲ್ಲಿ ಏನಿದೆ?

ಮೈಸೂರಿನವರಾದರೆ ಯುವ ದಸರಾ, ಯುವ ಸಂಭ್ರಮ ಇದೆ. ಹಂಪಿ ಉತ್ಸವ, ಕಿತ್ತೂರು ಉತ್ಸವ, ಬನವಾಸಿಯ ಕದಂಬೋತ್ಸವ, ಕರಾವಳಿ ಉತ್ಸವಗಳಲ್ಲಿ ಮುಖ್ಯ ವೇದಿಕೆ ದೊಡ್ಡ ಹೆಸರಿನವರಿಗೆ ಹೋಗುತ್ತದೆ, ಅದು ಬಿಡಿ. ಪಕ್ಕದ ವೇದಿಕೆಗಳಿಗೆ ಸ್ಥಳೀಯ ತಂಡಗಳನ್ನು ತಗೊಳ್ಳುತ್ತಾರೆ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಗೆ ಖುದ್ದಾಗಿ ಹೋಗಿ ಸಹಾಯಕ ನಿರ್ದೇಶಕರನ್ನು ಕಂಡು, ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಕೇಳಿ. ಫೋನ್‌ನಲ್ಲಿ ಆಗುವ ಕೆಲಸ ಅಲ್ಲ. ತಂಡದ ಪರಿಚಯ, ಫೋಟೋ, ಹಿಂದಿನ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆ, ಪೇಪರ್ ಕಟಿಂಗ್, ಬ್ಯಾಂಕ್ ವಿವರ ಒಂದು ಫೈಲಿನಲ್ಲಿ ಇರಲಿ. ಪ್ರತಿ ಶೋನ ಕರಪತ್ರ ಎತ್ತಿಡಿ ಅಂತ ಹೇಳುವುದು ಇದಕ್ಕೇ. ದುಡ್ಡು ನಿಧಾನಕ್ಕೆ ಬರುತ್ತದೆ, ಗಾಡಿ ಬಾಡಿಗೆಗೆ ಕೈಯಲ್ಲಿ ಇಟ್ಟುಕೊಂಡೇ ಒಪ್ಪಿಕೊಳ್ಳಿ.

ಸಣ್ಣ ಊರಿನ ಒಂದು ಲಾಭ: ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಿಮ್ಮ ಬಗ್ಗೆ ಬರುವುದು ಬೆಂಗಳೂರಿಗಿಂತ ಸುಲಭ. ವರದಿಗಾರರಿಗೆ ಫೋಟೋ, ನಾಲ್ಕು ಸಾಲು, ಎಲ್ಲರ ಹೆಸರು ಸರಿಯಾದ ಕಾಗುಣಿತದಲ್ಲಿ ಬರೆದು ಕೊಡಿ. ಆಕಾಶವಾಣಿ ಕೇಂದ್ರ ಹತ್ತಿರ ಇದ್ದರೆ ಹಾಡುವವರು ಸುಗಮ ಸಂಗೀತದ ಆಡಿಷನ್ ಕೊಡಬಹುದು. ಗ್ರೇಡ್ ಸಿಕ್ಕರೆ ಸರ್ಕಾರಿ ಕಾರ್ಯಕ್ರಮಗಳ ಅರ್ಜಿಗೆ ತೂಕ ಬರುತ್ತದೆ. ಸಮುದಾಯ ರೇಡಿಯೋಗಳೂ ಸ್ಥಳೀಯರನ್ನು ಖುಷಿಯಿಂದ ಕರೆಯುತ್ತವೆ.

ಹೊರದೇಶದ ಕನ್ನಡ ಕೂಟದವರು ಕರೀತಾರಾ?

ಮುಂದೆ ಕರೆಯಬಹುದು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ "ಅಕ್ಕ" ನಡೆಸುವ ಸಮ್ಮೇಳನದಂಥ ಕಡೆ ವೀಸಾ, ವಿಮಾನ ಎಲ್ಲ ಸೇರಿ ಒಬ್ಬೊಬ್ಬರಿಗೂ ದೊಡ್ಡ ಖರ್ಚು. ಐದು ಜನರ ಹೊಸ ಬ್ಯಾಂಡ್‌ಗಿಂತ ಒಬ್ಬ ಗಾಯಕ, ಒಂದು ಟ್ರ್ಯಾಕ್ ಅವರಿಗೆ ಸುಲಭ. ಅದಕ್ಕಿಂತ ಮುಂಚೆ ಮುಂಬೈ, ದೆಹಲಿ, ಪುಣೆ, ಚೆನ್ನೈ ಕನ್ನಡ ಸಂಘಗಳನ್ನು ಕೇಳಿ. ರೈಲಿನಲ್ಲಿ ಹೋಗಿ ಬರಬಹುದು. ಊಟ ಅಂತೂ ಅದ್ಭುತವಾಗಿ ಹಾಕುತ್ತಾರೆ.

ಮ್ಯಾನೇಜರ್ ಬೇಕಾ?

ಈಗ ಬೇಡ. ಬ್ಯಾಂಡ್‌ನಲ್ಲೇ ಫೋನ್ ಎತ್ತುವವರು ಒಬ್ಬರೇ ಇರಲಿ, ಒಂದೇ ನಂಬರ್. ಮಾತಾಡೋಕೆ ಚೆನ್ನಾಗಿ ಬರುವವರಲ್ಲ, ತಾರೀಖು ಬರೆದಿಟ್ಟುಕೊಳ್ಳುವವರು.

ಶೋ ಮುಗಿಯಿತು. ಮುಂದಿನದು ಹೇಗೆ?

ಸ್ಟೇಜ್ ಇಳಿದ ಕೂಡಲೇ ಐದೂ ಜನ ಕೇಬಲ್ ಸುತ್ತುತ್ತಾ ಕೂರಬೇಡಿ. ಇಬ್ಬರು ಸುತ್ತಲಿ, ಮೂವರು ಜನರ ಮಧ್ಯೆ ಹೋಗಲಿ. ಆ ಹದಿನೈದು ನಿಮಿಷದಲ್ಲಿ ಯಾರಾದರೂ ಬಂದು "ಚೆನ್ನಾಗಿತ್ತು ಕಣ್ರೀ, ನಮ್ಮ ಆಫೀಸಲ್ಲೂ ಒಂದು ಪ್ರೋಗ್ರಾಂ ಇದೆ" ಅಂತ ಹೇಳುವ ಸಾಧ್ಯತೆ ಜಾಸ್ತಿ. ಕಾರ್ಡ್ ಕೊಟ್ಟು ಸುಮ್ನಾಗಬೇಡಿ, ಅವರ ನಂಬರ್ ತಗೊಳ್ಳಿ. ಮಾರನೇ ದಿನ ಅವತ್ತಿನ ಒಂದು ಫೋಟೋ ಜೊತೆ ಮೆಸೇಜ್ ಮಾಡಿ. ಸಮಿತಿಯವರಿಗೆ ವಿಡಿಯೋ ಕಳಿಸಿ, ಅವರ ಮಕ್ಕಳು ಕುಣಿದದ್ದು ಅದರಲ್ಲಿದ್ದರೆ ಇನ್ನೂ ಒಳ್ಳೆಯದು. ಅದು ಅಪಾರ್ಟ್‌ಮೆಂಟಿನ ಎಲ್ಲ ಗ್ರೂಪುಗಳಿಗೂ ತಾನೇ ಹೋಗುತ್ತದೆ. ನೀವು ಬೂಸ್ಟ್ ಮಾಡುವ ಯಾವ ಪೋಸ್ಟೂ ಅಷ್ಟು ದೂರ ಹೋಗುವುದಿಲ್ಲ.

ನಮ್ಮ ಡ್ರಮ್ಮರ್‌ಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಬುಕ್ ಆಗಿರೋ ಶೋ ಕ್ಯಾನ್ಸಲ್ ಮಾಡೋದಾ?

ಬೇಡ. ಅವನು ಪುಣೆಗೆ ಹೋಗುವ ಮುಂಚೆ ಅವನ ಹತ್ತಿರ ಇಡೀ ಸೆಟ್ಟನ್ನು ಕ್ಲಿಕ್ (ತಾಳ ಹಿಡಿಯುವ ಟಿಕ್ ಟಿಕ್ ಸದ್ದು) ಜೊತೆ ಒಂದು ಸಲ ರೆಕಾರ್ಡ್ ಮಾಡಿಸಿಕೊಳ್ಳಿ. ಪ್ರತಿ ಹಾಡಿನ ಟೆಂಪೋ, ಎಲ್ಲಿ ನಿಲ್ಲಬೇಕು, ಎಲ್ಲಿ ರೋಲ್ ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅದನ್ನು ಕಾಲೇಜು ಫೆಸ್ಟ್‌ನಲ್ಲಿ ನಂಬರ್ ತಗೊಂಡಿದ್ದ ಆ ಇನ್ನೊಂದು ಬ್ಯಾಂಡ್‌ನ ಡ್ರಮ್ಮರ್‌ಗೆ ಕಳಿಸಿ, ದುಡ್ಡು ಎಷ್ಟು ಅಂತ ಮೊದಲೇ ಹೇಳಿ. ಯಾರೂ ಸಿಗದಿದ್ದರೆ ಕಹೋನ್ (ಮೇಲೆ ಕೂತು ಕೈಯಲ್ಲಿ ಬಾರಿಸುವ ಮರದ ಪೆಟ್ಟಿಗೆ) ಬಾರಿಸುವವರನ್ನು ಕರೆದು ಅಕೂಸ್ಟಿಕ್ ಸೆಟ್ ಮಾಡಿ, ಕರೆದವರಿಗೆ ಒಂದು ವಾರ ಮುಂಚೆ ತಿಳಿಸಿ. ಡ್ರಮ್ ಸೆಟ್ಟು ಹೊರುವ ಗಾಡಿ ಬಾಡಿಗೆಯೂ ಉಳಿಯುತ್ತದೆ.